ನಾಲ್ಕು ವರ್ಷ ಬಳಸಿದ ವಿನೈಲ್ ಮ್ಯಾಟ್: ಕಾಳಗದ ನಕ್ಷೆ ಬಿಡಿಸುವವರಿಗೆ ನನ್ನ ಅನುಭವ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮೇಜಿನ ಸುತ್ತ ಕೂತು ಆಡುವ ಕಥೆಯ ಆಟ) ಆಡಿಸೋಕೆ ಅಂತ ಚೌಕದ ಗೆರೆ ಇರುವ ವಿನೈಲ್ ಮ್ಯಾಟ್ ಕೊಂಡು ನಾಲ್ಕು ವರ್ಷ ಆಯಿತು. ತಿಂಗಳಿಗೆ ಎರಡು ಭಾನುವಾರ ನಮ್ಮ ಮನೆಯಲ್ಲಿ ಆಟ. ಗುಹೆ, ಹಡಗು, ಛತ್ರ, ಸುಡುಗಾಡು ಎಲ್ಲವನ್ನೂ ಇದರ ಮೇಲೇ ಬಿಡಿಸಿ, ಇದರ ಮೇಲೇ ಒರೆಸಿದ್ದೇನೆ. ಕೊಳ್ಳುವ ಯೋಚನೆ ಇದ್ದವರಿಗೆ ಉಪಯೋಗ ಆಗಲಿ.

ನನ್ನದು 2 ಅಡಿ ಅಗಲ, 3 ಅಡಿ ಉದ್ದ. ಒಂದು ಮಗ್ಗುಲಲ್ಲಿ ಒಂದಿಂಚಿನ ಚೌಕ, ಇನ್ನೊಂದರಲ್ಲಿ ಜೇನುಗೂಡಿನಂಥ ಆರು ಮೂಲೆಯ ಮನೆ. ಆಟದಲ್ಲಿ ಒಂದು ಚೌಕ ಅಂದರೆ 5 ಅಡಿ. ಇಡೀ ಮ್ಯಾಟ್ ಸೇರಿದರೆ 120 ಅಡಿಗೆ 180 ಅಡಿ ಜಾಗ. ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಲಾಂಗ್‌ಬೋ (ಉದ್ದನೆಯ ಬಿಲ್ಲು) ಹಿಡಿದವನ ಬಾಣ 150 ಅಡಿವರೆಗೆ ಸಲೀಸಾಗಿ ಹೋಗುತ್ತದೆ. ಬಯಲಿನ ಕಾಳಗಕ್ಕೆ ಈ ಮ್ಯಾಟ್ ಸಾಲದು. ಕೋಣೆ, ಗುಹೆ, ಸೇತುವೆಗೆ ಧಾರಾಳ.

ಮೊದಮೊದಲು ಕೋಣೆಗಳನ್ನು ನಿಜವಾದ ಮನೆಯ ಅಳತೆಯಲ್ಲೇ ಬಿಡಿಸುತ್ತಿದ್ದೆ. 20 ಅಡಿ ಕೋಣೆ ಅಂದರೆ ನಾಲ್ಕಕ್ಕೆ ನಾಲ್ಕು, ಒಟ್ಟು 16 ಚೌಕ. ಐದು ಆಟಗಾರರು, ಆರು ಗಾಬ್ಲಿನ್ (ಕುಳ್ಳ ರಾಕ್ಷಸರು) ಒಳಗೆ ಬಂದರೆ ಮುಗೀತು, ಕಾಲಿಡೋಕೆ ಜಾಗ ಇಲ್ಲ. ಫೈರ್‌ಬಾಲ್ ಅನ್ನುವ ಬೆಂಕಿಯ ಮಂತ್ರ ಎಂಟು ಚೌಕ ಅಗಲ ಸುಡುತ್ತದೆ. ಅಂಥ ಕೋಣೆಯಲ್ಲಿ ಎಲ್ಲಿ ಹಾಕಿದರೂ ನಮ್ಮವರೂ ಬೇಯುತ್ತಾರೆ. ಈಗ ಎಂಟಕ್ಕೆ ಹತ್ತು ಚೌಕಕ್ಕಿಂತ ಚಿಕ್ಕ ಕೋಣೆ ಬಿಡಿಸುವುದಿಲ್ಲ. ನಡುವೆ ಎರಡು ಕಂಬ, ಮಗುಚಿಬಿದ್ದ ಒಂದು ಮೇಜು, ಮೂಲೆಯಲ್ಲಿ ಎತ್ತರದ ಕಟ್ಟೆ. ಮೇಜಿನ ಹಿಂದೆ ಕೂತವನಿಗೆ ಅರ್ಧ ಮರೆ ಸಿಗುತ್ತದೆ, ರಕ್ಷಣೆಯ ಅಂಕಕ್ಕೆ 2 ಸೇರುತ್ತದೆ. ಅಷ್ಟು ಸಾಕು, ಜನ ಸುಮ್ನೆ ನಿಂತು ಹೊಡೆದಾಡುವುದು ಬಿಟ್ಟು ಓಡಾಡೋಕೆ ಶುರುಮಾಡುತ್ತಾರೆ. ಗಾಬ್ಲಿನ್‌ಗಳಿಗೆ ನಾವು ಹುಣಸೆ ಬೀಜ ಇಡುತ್ತೇವೆ. ಚೌಕದೊಳಗೆ ಸರಿಯಾಗಿ ಕೂರುತ್ತವೆ.

ಇನ್ನು ಮಾರ್ಕರ್ ವಿಷಯ. ದಯವಿಟ್ಟು ಇದನ್ನು ಗಮನವಿಟ್ಟು ಓದಿ. ವಿನೈಲ್‌ಗೆ ವೆಟ್ ಇರೇಸ್ ಮಾರ್ಕರ್ (ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವಂಥದ್ದು) ಮಾತ್ರ ಬಳಸಿ. ವೈಟ್‌ಬೋರ್ಡಿನ ಡ್ರೈ ಇರೇಸ್ ಮಾರ್ಕರ್ ಇದಕ್ಕೆ ಆಗಿಬರುವುದಿಲ್ಲ, ಬಣ್ಣ ಒಳಕ್ಕೆ ಇಳಿದುಬಿಡುತ್ತದೆ. ವೆಟ್ ಇರೇಸ್‌ನಲ್ಲೂ ಕಪ್ಪು, ನೀಲಿ ಪರವಾಗಿಲ್ಲ, ಕೆಂಪು ಬಲು ಹಟಮಾರಿ. ಒಮ್ಮೆ ಕೆಂಪಿನಲ್ಲಿ ಲಾವಾ ಹೊಳೆ ಬಿಡಿಸಿದೆ. ಆಟ ಅರ್ಧಕ್ಕೆ ನಿಂತಿತು, ಮುಂದಿನ ಸಲಕ್ಕೆ ಬೇಕಲ್ಲ ಅಂತ ಹಾಗೇ ಸುತ್ತಿಟ್ಟೆ. ಎರಡು ವಾರ ಬಿಟ್ಟು ತೆಗೆದರೆ ಹೊಳೆ ಹೋಗಲೇ ಇಲ್ಲ. ಸ್ಪಿರಿಟ್ ಹಾಕಿ ಉಜ್ಜಿದೆ, ಆ ಜಾಗದ ಚೌಕದ ಗೆರೆಯೂ ಮಾಸಿತು. ನಸುಗೆಂಪು ಪಟ್ಟೆ ಇವತ್ತಿಗೂ ಇದೆ. ಈಗ ಆಟ ನಿಂತರೆ ಫೋನಿನಲ್ಲಿ ಫೋಟೊ ತೆಗೆದು ಅವತ್ತೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಮಡಚಬೇಡಿ, ಸುತ್ತಿಡಿ. ಮಡಿಕೆ ಬಿದ್ದರೆ ಚೌಕದ ಮೇಲೆ ಇಡುವ ಪಾತ್ರದ ಗೊಂಬೆಗಳು ವಾಲುತ್ತವೆ.

ಕಂಪ್ಯೂಟರಿನಲ್ಲೂ ಬಿಡಿಸುತ್ತೇನೆ. ಡಂಜನ್‌ಡ್ರಾಫ್ಟ್‌ನಲ್ಲಿ (ನಕ್ಷೆ ಬಿಡಿಸುವ ತಂತ್ರಾಂಶ) ಗೋಡೆ, ಬೆಳಕು, ನೆರಳು ಬಹಳ ಚೆನ್ನಾಗಿ ಬರುತ್ತದೆ. ಊರಾಚೆ ಇರುವ ಗೆಳೆಯರ ಜೊತೆ ಆಡೋಕೆ ಅದೇ ಸರಿ. ಆ ನಕ್ಷೆಯನ್ನು ಆನ್‌ಲೈನ್ ಆಟದ ತಂತ್ರಾಂಶಕ್ಕೆ ಹಾಕಿದರೆ ಪಾತ್ರದ ಕಣ್ಣಿಗೆ ಬಿದ್ದಷ್ಟೇ ಆಟಗಾರನಿಗೆ ಕಾಣುವಂತೆ ಮಾಡಬಹುದು, ಮ್ಯಾಟ್‌ನಲ್ಲಿ ಅದು ಆಗದು. ಆದರೆ ಒಂದು ಸಂಜೆ ಪೂರ್ತಿ ಕೂತು ಬಿಡಿಸಿದ ಕೋಟೆಯ ಕಡೆ ಆಟಗಾರರು ತಲೆ ಹಾಕದೆ ಕಾಡಿನ ದಾರಿ ಹಿಡಿದರೆ ಏನು ಮಾಡುವುದು? ಮ್ಯಾಟ್ ಇದ್ದರೆ ಎರಡು ನಿಮಿಷದಲ್ಲಿ ಕಾಡು ಬಿಡಿಸಬಹುದು. ಗೆರೆ ಎಳೆಯುವಾಗ ಐದೂ ತಲೆ ಮುಂದಕ್ಕೆ ಬಾಗುತ್ತವೆ. "ಅದು ಬಾಗಿಲಾ, ಕಿಟಕಿನಾ?" ಅಂತ ಕೇಳುತ್ತಾರೆ. ಕೆಲವು ಸಲ ಕೇಳಿದ ಮೇಲೇ ನಾನು ತೀರ್ಮಾನ ಮಾಡುವುದು.

ಕಳೆದ ಬೇಸಿಗೆಯಲ್ಲಿ ಯಾರೋ ತಣ್ಣನೆಯ ಮಜ್ಜಿಗೆ ಲೋಟವನ್ನು ಮ್ಯಾಟ್ ಮೇಲೆ ಇಟ್ಟರು. ಎತ್ತಿದಾಗ ಕೋಟೆ ಗೋಡೆ ಎರಡು ಚೌಕದಷ್ಟು ಅಳಿಸಿಹೋಗಿತ್ತು. ನಾನು ಮಾರ್ಕರ್ ತೆಗೆದುಕೊಂಡೆ. ಅಷ್ಟರಲ್ಲಿ ನಮ್ಮ ಕಳ್ಳನ ಪಾತ್ರ ಆಡುವವಳು, "ಇಲ್ಲಿ ಗೋಡೆ ಇಲ್ವಲ್ಲಾ, ನುಗ್ಗಬಹುದಾ?" ಅಂದಳು. ಮಾರ್ಕರ್‌ಗೆ ಮುಚ್ಚಳ ಹಾಕಿದೆ. ಆ ಸಂದಿಯಿಂದಲೇ ಐವರೂ ಒಳಗೆ ಹೋದರು.