ವಿಮಾನ ದೂರ ಹೇಳುವ ತಾಣಗಳು: ಕಿಲೋಮೀಟರ್ ನಂಬಿ, ನಿಮಿಷ ನಂಬಬೇಡಿ

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ನಡುವಿನ ದೂರವನ್ನೂ ಹಾರಾಟದ ಸಮಯವನ್ನೂ ತಟ್ಟನೆ ಹೇಳುವ ಉಚಿತ ಜಾಲತಾಣಗಳು ಬೇಕಾದಷ್ಟಿವೆ. ದೊಡ್ಡ ನಿಲ್ದಾಣಗಳಿಗೆ ಅವು ಹೇಗೋ ಸಾಕು. ಚಿಕ್ಕ ಪ್ರಾದೇಶಿಕ ನಿಲ್ದಾಣಗಳ ಲೆಕ್ಕಕ್ಕೆ ಬಂದಾಗ ಬಂಡವಾಳ ಬಯಲಾಗುತ್ತದೆ.

ದೂರಕ್ಕೆ 5ರಲ್ಲಿ ನಾಲ್ಕೂವರೆ ಅಂಕ ಕೊಡಬಹುದು. ಹಲವು ತಾಣಗಳು ಭೂಮಿಯನ್ನು 6371 ಕಿ.ಮೀ. ತ್ರಿಜ್ಯದ ಗೋಳವೆಂದು ಹಿಡಿದು, ಮೇಲ್ಮೈ ಮೇಲಿನ ಅತಿ ಹತ್ತಿರದ ದಾರಿಯನ್ನು ಲೆಕ್ಕ ಹಾಕುತ್ತವೆ. ತಪ್ಪು ಸುಮಾರು ಶೇ. 0.5ರೊಳಗೆ, ಅಂದರೆ 300 ಕಿ.ಮೀ.ಗೆ ಒಂದೂವರೆ ಕಿ.ಮೀ. ಎಡವಟ್ಟಾಗುವುದು ನಾವು ಕೊಡುವ ವಿವರದಲ್ಲೇ. ಊರಿನ ಹೆಸರು ಕೊಟ್ಟರೆ ಕೆಲವು ತಾಣಗಳು ಊರಿನ ನಡುಮಧ್ಯದಿಂದ ಅಳೆಯುತ್ತವೆ. ನಿಲ್ದಾಣದ ಮೂರಕ್ಷರದ ಐಎಟಿಎ ಕೋಡ್ ಅಥವಾ ನಾಲ್ಕಕ್ಷರದ ಐಸಿಎಒ ಕೋಡ್ ಕೊಡಿ. ಕೋಡ್ ಬದಲು ಅಕ್ಷಾಂಶ, ರೇಖಾಂಶ ಕೊಡುವುದಾದರೆ, ಅಕ್ಷಾಂಶ 12 ಡಿಗ್ರಿ 30 ನಿಮಿಷ ಎಂದರೆ 12.5, 12.30 ಅಲ್ಲ (ಇಲ್ಲಿ ಒಂದು ಡಿಗ್ರಿಗೆ 60 ನಿಮಿಷ). ಆ 0.2 ಡಿಗ್ರಿಗೇ 22 ಕಿ.ಮೀ. ಹೆಚ್ಚುಕಮ್ಮಿ. ಬರೀ ‘ಮೈಲಿ’ ಎಂದು ತೋರಿಸುವ ತಾಣವಾದರೆ ಯಾವ ಮೈಲಿ ಎಂದು ನೋಡಿ: ಸಾಮಾನ್ಯ ಮೈಲಿ 1.609 ಕಿ.ಮೀ., ನಾಟಿಕಲ್ ಮೈಲಿ 1.852.

ಸಮಯಕ್ಕೆ ಮಾತ್ರ ಎರಡೇ ಅಂಕ. ಗಂಟೆಗೆ 800 ಕಿ.ಮೀ. ವೇಗ, ಏರಲು ಇಳಿಯಲು ಅರ್ಧ ಗಂಟೆ ಎಂಬ ಒಂದೇ ಸೂತ್ರವನ್ನು ಎಲ್ಲದಕ್ಕೂ ಹಚ್ಚುವವು ಹಲವು. ಅದು ಜೆಟ್ ವೇಗ. ಚಿಕ್ಕ ನಿಲ್ದಾಣಗಳ ನಡುವೆ ಓಡಾಡುವುದು ಹೆಚ್ಚಾಗಿ ಎಟಿಆರ್ 72ರಂಥ ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ಇರುವ ವಿಮಾನ. ಅದರ ವೇಗ 500ರ ಆಸುಪಾಸು. ನೆಲದ ಮೇಲಿನ ಓಟಕ್ಕೂ ಏರಿಳಿತಕ್ಕೂ 25 ನಿಮಿಷ ಸೇರಿಸಿ ನೋಡಿ. 150 ಕಿ.ಮೀ.ಗೆ ತಾಣ 41 ನಿಮಿಷ ಎನ್ನುತ್ತದೆ, ನಿಜಕ್ಕೆ 43. ಪರವಾಗಿಲ್ಲ. 300ಕ್ಕೆ 52ರ ಬದಲು 61. 600ಕ್ಕೆ 75ರ ಬದಲು 97! ಇದಕ್ಕೆ ಗಂಟೆಗೆ 50 ಕಿ.ಮೀ. ಎದುರುಗಾಳಿ ಸೇರಿದರೆ ಇನ್ನೂ ಎಂಟು ನಿಮಿಷ.

ಆ 25 ನಿಮಿಷವೂ ಕಲ್ಲಿನ ಮೇಲೆ ಬರೆದದ್ದೇನಲ್ಲ. ರನ್‌ವೇ ಪಕ್ಕದಲ್ಲೇ ಸಾಗುವ ಓಡಾಟದ ದಾರಿ, ಅಂದರೆ ಸಮಾನಾಂತರ ಟ್ಯಾಕ್ಸಿವೇ, ಇಲ್ಲದ ಕಡೆ ವಿಮಾನ ರನ್‌ವೇಯಲ್ಲೇ ತುದಿವರೆಗೆ ಹೋಗಿ, ತಿರುಗಿ, ಆಮೇಲೆ ಮೇಲೇರಬೇಕು. ಅಷ್ಟು ಹೊತ್ತು ಇನ್ನೊಂದು ವಿಮಾನ ಇಳಿಯುವಂತಿಲ್ಲ. ಗಾಳಿ ದಿಕ್ಕು ಬದಲಾದರೆ ಆಚೆ ತುದಿಯಿಂದ ಇಳಿಯಲು ಸುತ್ತು ಹಾಕಬೇಕು. ವಿಮಾನ ಸಂಸ್ಥೆಯ ವೇಳಾಪಟ್ಟಿ ಇವನ್ನೆಲ್ಲ ಒಳಗೊಂಡ ‘ಬ್ಲಾಕ್ ಟೈಮ್’ ಕೊಡುತ್ತದೆ, ಅಂದರೆ ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಇನ್ನೊಂದು ಕಡೆ ನಿಲ್ಲುವವರೆಗಿನ ಹೊತ್ತು. ವೇಳಾಪಟ್ಟಿ ಸಿಕ್ಕರೆ ತಾಣದ ನಿಮಿಷವನ್ನು ಪಕ್ಕಕ್ಕಿಡಿ. ಎರಡು ಊರಿನ ಗಡಿಯಾರ ಬೇರೆಯಾದರೆ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಲು ಮರೆಯಬೇಡಿ.

ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ನೇರ ವಿಮಾನ ಇದೆಯೇ ಎಂಬುದನ್ನು ಇಂಥ ಎಷ್ಟೋ ತಾಣಗಳು ನೋಡುವುದೇ ಇಲ್ಲ. ಎರಡು ಚಿಕ್ಕ ನಿಲ್ದಾಣಗಳ ನಡುವೆ ಅದು ಇರದಿರುವ ಸಂಭವವೇ ಹೆಚ್ಚು. ದೊಡ್ಡ ನಿಲ್ದಾಣವೊಂದರಲ್ಲಿ ಇಳಿದು ಹತ್ತಬೇಕಾದರೆ ಎರಡು ಹಾರಾಟ, ನಡುವೆ ಕಾಯುವಿಕೆ ಸೇರಿ ತಾಣ ಹೇಳಿದ 52 ನಿಮಿಷ ಐದು ಗಂಟೆಯೂ ಆಗಬಹುದು. 300 ಕಿ.ಮೀ. ದಾರಿಗೆ ಆಗ ಬಸ್ಸೇ ಮೊದಲು ತಲುಪೀತು.