ನಾಲ್ಕು ವೈರ್ ಇದ್ದ ಮಾತ್ರಕ್ಕೆ ಎರಡು ವೈಂಡಿಂಗ್ ಅಲ್ಲ

ಪ್ಲಸ್-ಮೈನಸ್ 15 ವೋಲ್ಟಿನ ಪವರ್ ಸಪ್ಲೈ ಮಾಡಲು ಹೊರಟವರು ಇದನ್ನೊಮ್ಮೆ ಓದಿ. ನನ್ನ ಟ್ರಾನ್ಸ್‌ಫಾರ್ಮರ್ ಅಂತೂ ಹೋಯಿತು.

ಹಳೇ ಸ್ಪೀಕರಿಗೆ ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ಹಾಕಿ ಟೋನ್ ಕಂಟ್ರೋಲ್ ಮಾಡುತ್ತಿದ್ದೆ. ಎರಡು ಬೇರೆ ಬೇರೆ 15 ವೋಲ್ಟ್ ಸೆಕೆಂಡರಿ (ಔಟ್‌ಪುಟ್ ಕಡೆಯ ತಂತಿ ಸುತ್ತು, ಅಂದರೆ ವೈಂಡಿಂಗ್) ಇರುವ ಟ್ರಾನ್ಸ್‌ಫಾರ್ಮರ್ ಬೇಕಿತ್ತು. ಇದೊಂದಕ್ಕೆ ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಬೆಂಗಳೂರಿನ ಎಸ್.ಪಿ. ರೋಡಿಗೆ ಯಾರು ಹೋಗ್ತಾರೆ ಅಂತ ತುಮಕೂರಲ್ಲೇ ಒಂದು ಅಂಗಡಿಯಲ್ಲಿ ತಗೊಂಡೆ. "ಎರಡೂ ಸಪರೇಟ್ ಸಾರ್, ನಾಲ್ಕು ವೈರ್ ಇದೆ ನೋಡಿ" ಅಂದರು. ಮನೆಗೆ ಬಂದು ಮೀಟರ್ ಹಿಡಿದೆ; ಒಳಗೆ ಸಂಪರ್ಕ ಇದ್ದರೆ ಅದು ಬೀಪ್ ಅನ್ನುತ್ತೆ. ಈ ಜೋಡಿ ಬೀಪ್ ಅಂತು, ಆ ಜೋಡಿಯೂ ಬೀಪ್ ಅಂತು. ಅಷ್ಟಕ್ಕೇ ಖುಷಿ. ಈ ಜೋಡಿಗೂ ಆ ಜೋಡಿಗೂ ನಡುವೆ ಬೀಪ್ ಬರುತ್ತಾ ಅಂತ ನೋಡಲೇ ಇಲ್ಲ.

ಒಂದೊಂದು ಜೋಡಿಗೆ ಒಂದೊಂದು ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್), 2200 ಮೈಕ್ರೋಫ್ಯಾರಡ್ ಕೆಪಾಸಿಟರ್. ಮೇಲಿನದರ ಮೈನಸ್, ಕೆಳಗಿನದರ ಪ್ಲಸ್ ಸೇರಿಸಿ ಗ್ರೌಂಡ್ ಮಾಡಿದೆ. ಸ್ವಿಚ್ ಹಾಕಿದ್ದೇ ತಡ, ಟ್ರಾನ್ಸ್‌ಫಾರ್ಮರ್ ಗೊರ್ ಅಂತ ನಡುಗಿತು. ನಾನೋ, ವೋಲ್ಟೇಜ್ ಸ್ಥಿರವಾಗಿಡುವ ರೆಗ್ಯುಲೇಟರ್‌ಗಳಲ್ಲಿ (ಪ್ಲಸ್‌ಗೆ 7815, ಮೈನಸ್‌ಗೆ 7915) 7915ರ ಕಾಲು ತಪ್ಪಾಗಿರಬೇಕು ಅಂದುಕೊಂಡೆ. 7815ಕ್ಕೆ ನಡುವಿನ ಕಾಲು ಗ್ರೌಂಡ್, 7915ಕ್ಕೆ ಅದೇ ಇನ್‌ಪುಟ್ ಅಲ್ವಾ? ಆಫ್ ಮಾಡದೆ ಬಗ್ಗಿ ನೋಡುತ್ತಾ ಕೂತೆ. ಅಡುಗೆಮನೆಯಿಂದ ಹೆಂಡತಿ, "ಏನ್ರೀ ಅದು ಸೀದ ವಾಸನೆ?" ಅಂದಾಗಲೇ ಪ್ಲಗ್ ಕಿತ್ತಿದ್ದು.

ಆರಿದ ಮೇಲೆ ಹಳದಿ ಟೇಪ್ ಬಿಚ್ಚಿದೆ. ಒಳಗೆ ಎರಡು ಎನಾಮಲ್ ತಂತಿ ತಿರುಚಿ, ಬೆಸುಗೆ ಹಾಕಿ, ಅದರಿಂದಲೇ ಎರಡು ವೈರ್ ಹೊರಗೆ ಬಿಟ್ಟಿದ್ದರು. ಅಂದರೆ ಅದು ನಡುವೆ ಸೊನ್ನೆ ವೈರ್ ಇರುವ ಒಂದೇ ವೈಂಡಿಂಗ್, ಮಾಮೂಲಿ 15-0-15! ಅದಕ್ಕೆ ಎರಡು ಬ್ರಿಡ್ಜ್ ಹಾಕಿ ಹೀಗೆ ಸೇರಿಸಿದರೆ, ಒಂದು ಬಿಟ್ಟು ಒಂದು ಅರ್ಧ ಸೈಕಲ್‌ನಲ್ಲಿ ಪೂರ್ತಿ 30 ವೋಲ್ಟ್ ಎರಡೇ ಡಯೋಡ್ ಮೂಲಕ ಶಾರ್ಟ್ ಆಗುತ್ತೆ.

ಮೀಟರಲ್ಲಿ ಎರಡು ಜೋಡಿಗಳ ನಡುವೆಯೂ ಬೀಪ್ ಬಂದರೆ ಟ್ರಾನ್ಸ್‌ಫಾರ್ಮರ್ ಬಿಸಾಡಬೇಡಿ. ಎರಡು ಸೊನ್ನೆ ವೈರನ್ನೂ ಗ್ರೌಂಡಿಗೆ ಕೊಟ್ಟು, ತುದಿಗಳಿಗೆ ಒಂದೇ ಬ್ರಿಡ್ಜ್ ಹಾಕಿದರೆ ಪ್ಲಸ್-ಮೈನಸ್ ಎರಡೂ ಸಿಗುತ್ತೆ. ಆದರೆ ಎರಡು 7815 ಒಂದರ ಮೇಲೊಂದು ಹಾಕುವ ಯೋಚನೆ ಇದ್ದರೆ ನಿಜವಾಗಿ ಬೇರೆಯಾದ ವೈಂಡಿಂಗೇ ಬೇಕು. ಸೆಕೆಂಡರಿಗೂ ಫ್ಯೂಸ್ ಹಾಕಿ. ಮೊದಲ ಸಲ 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಮೇನ್ಸ್ ಕಡೆ ಸೀರೀಸಲ್ಲಿ ಇಟ್ಟೇ ಕರೆಂಟ್ ಕೊಡಿ. ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತೆ, ಬೇರೇನೂ ಸುಡಲ್ಲ.

ಅಂಗಡಿಗೆ ಸುಟ್ಟದ್ದನ್ನು ತಗೊಂಡು ಹೋಗಿದ್ದೆ. "ನಾಲ್ಕು ವೈರ್ ಕೇಳಿದ್ರಿ, ಕೊಟ್ವಲ್ಲ ಸಾರ್" ಅಂದರು.