ಔಟ್ ಆಫ್ ಸ್ಟೆಪ್, ಸಫರ್: ಮೊದಲು ಯಾವುದು ಕೇಳಬೇಕು?

ಅಮೆರಿಕದ ಪಂಕ್ (ವೇಗದ, ಒರಟು ರಾಕ್ ಸಂಗೀತ) ಕೇಳಲು ಯಾವುದರಿಂದ ಶುರು ಮಾಡಲಿ ಎಂದು ಯಾರು ಕೇಳಿದರೂ ನನಗೆ ನೆನಪಾಗುವುದು ಎರಡೇ ಆಲ್ಬಂ. ಮೈನರ್ ಥ್ರೆಟ್‌ನ 'ಔಟ್ ಆಫ್ ಸ್ಟೆಪ್' (1983) ಮತ್ತು ಬ್ಯಾಡ್ ರಿಲಿಜನ್‌ನ 'ಸಫರ್' (1988). ಎರಡನ್ನೂ ಹೊರತಂದದ್ದು ಬ್ಯಾಂಡಿನವರೇ ಕಟ್ಟಿದ ಲೇಬಲ್‌ಗಳು, ಅಂದರೆ ರೆಕಾರ್ಡ್ ಕಂಪನಿಗಳು. ಮೊದಲನೆಯದು ವಾಷಿಂಗ್ಟನ್ ಡಿ.ಸಿ.ಯ ಡಿಸ್ಕಾರ್ಡ್, ಎರಡನೆಯದು ಲಾಸ್ ಏಂಜಲೀಸ್‌ನ ಎಪಿಟಾಫ್. ಎರಡನ್ನೂ ಒಂದರ ಹಿಂದೆ ಒಂದು ಹಾಕಿ, ಹೆಡ್‌ಫೋನ್‌ನಲ್ಲೂ ಸ್ಪೀಕರ್‌ನಲ್ಲೂ ಕೇಳಿ ನೋಡಿದ್ದೇನೆ.

ಸಫರ್ ಬೇಗ ಹಿಡಿಸುತ್ತದೆ. 15 ಹಾಡು, ಅರ್ಧ ಗಂಟೆಯೂ ಇಲ್ಲ. ಎಷ್ಟೇ ವೇಗವಾಗಿ ಓಡಿದರೂ ಟ್ಯೂನ್ ಕೈತಪ್ಪುವುದಿಲ್ಲ. ಗ್ರೆಗ್ ಗ್ರಾಫಿನ್ ಹಾಡುತ್ತಿದ್ದರೆ ಹಿಂದಿನಿಂದ ಉಳಿದವರ ದನಿ ಬಂದು ಸೇರುತ್ತದೆ. ಆ ಜಾಗಗಳು ನಿಜಕ್ಕೂ ಚೆಂದ. ಆದರೆ ಒಟ್ಟಿಗೇ ಪೂರ್ತಿ ಕೇಳಿದರೆ ನಡುವಿನ ಕೆಲವು ಹಾಡುಗಳು ಒಂದೇ ಥರ ಅನಿಸುತ್ತವೆ. ಕಷ್ಟದ ಪದಗಳೂ ಜಾಸ್ತಿ. ಹಾಡಿನ ಸಾಲುಗಳನ್ನು ಎದುರಿಗಿಟ್ಟುಕೊಂಡೇ ಕೇಳಬೇಕು.

ಔಟ್ ಆಫ್ ಸ್ಟೆಪ್ ಇನ್ನೂ ಚಿಕ್ಕದು. ಕೆಲವರು ಇದನ್ನು ಆಲ್ಬಂ ಅನ್ನುವುದೇ ಇಲ್ಲ, ಇಪಿ (ಆಲ್ಬಂಗಿಂತ ಚಿಕ್ಕ ರೆಕಾರ್ಡ್) ಅನ್ನುತ್ತಾರೆ. ಸ್ಪೀಕರ್‌ನಲ್ಲಿ ಸ್ವಲ್ಪ ಒರಟು. ಹೆಡ್‌ಫೋನ್‌ನಲ್ಲಿ ಎರಡು ಗಿಟಾರುಗಳೂ ಬೇರೆಬೇರೆಯಾಗಿ ಕೇಳಿಸುತ್ತವೆ, ಹಾಗಾಗಿ ಇದಕ್ಕೆ ಹೆಡ್‌ಫೋನೇ ಸರಿ. ಇಯಾನ್ ಮಕೈ ಕೂಗುತ್ತಾರೆ ನಿಜ, ಆದರೆ ಒಂದು ಪದವೂ ಮುಚ್ಚಿಹೋಗುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಆಲ್ಬಂನ ಹೆಸರನ್ನೇ ಹೊತ್ತ ಹಾಡು. ಕುಡಿಯಲ್ಲ, ಸೇದಲ್ಲ ಎನ್ನುವ ಹಾಡು ಅದು. 1981ರಲ್ಲೇ ಒಮ್ಮೆ ಬಂದಿತ್ತು. ಕೇಳಿದವರು ಅದನ್ನು ಎಲ್ಲರಿಗೂ ಹಾಕಿದ ಕಟ್ಟಳೆ ಅಂದುಕೊಳ್ಳಬಾರದು ಎಂಬುದು ಡ್ರಮ್ಮರ್ ಜೆಫ್ ನೆಲ್ಸನ್ ವಾದ. ಹಾಗಾಗಿ ಈ ಸಲ ಹಾಡಿನ ನಡುವೆ ಮಕೈ ಮಾತಿಗೇ ಇಳಿಯುತ್ತಾರೆ: ಇದು ನಿಯಮ ಅಲ್ಲ, ನಿಮಗೆ ಏನು ಮಾಡಬೇಕೆಂದು ನಾನು ಹೇಳುತ್ತಿಲ್ಲ ಎಂದು. ಬ್ಯಾಂಡಿನೊಳಗಿನ ಜಗಳ ರೆಕಾರ್ಡಿನಲ್ಲೇ ಉಳಿದುಬಿಟ್ಟಿದೆ. ದೊಡ್ಡ ಕಂಪನಿಯಾಗಿದ್ದರೆ ಇದನ್ನು ಹೀಗೇ ಬಿಡುತ್ತಿತ್ತಾ? ನನಗಂತೂ ಅನುಮಾನ.

ಕವರ್ ವಿಷಯದಲ್ಲೂ ನನ್ನ ಓಟು ಇದಕ್ಕೇ. ಬಿಳಿ ಕುರಿಗಳ ಹಿಂಡು ಬಿಟ್ಟು ಹಾರಿಹೋಗುವ ಒಂದು ಕಪ್ಪು ಕುರಿ, ಅಷ್ಟೇ. ಸಫರ್‌ನಲ್ಲಿ ಮೈಗೆ ಬೆಂಕಿ ಹತ್ತಿದ ಹುಡುಗನಿದ್ದಾನೆ. ಅದೂ ಚೆನ್ನಾಗಿದೆ.

ಪಂಕ್ ಹೊಸತಾಗಿದ್ದರೆ ಸಫರ್‌ನಿಂದ ಶುರು ಮಾಡಿ. ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಔಟ್ ಆಫ್ ಸ್ಟೆಪ್ ಇಟ್ಟುಕೊಳ್ಳುತ್ತೇನೆ. ಎರಡೂ ಹಿಡಿಸಿದರೆ ಬ್ಯಾಡ್ ರಿಲಿಜನ್‌ನದೇ 'ದ ಪ್ರೋಸೆಸ್ ಆಫ್ ಬಿಲೀಫ್' (2002) ಹುಡುಕಿ. ಮೈನರ್ ಥ್ರೆಟ್‌ನ ಬ್ರಯನ್ ಬೇಕರ್ ಅದರಲ್ಲಿ ಗಿಟಾರ್ ನುಡಿಸಿದ್ದಾರೆ.